ಕಾಂದಿವಲಿಯ ಚಳಿಗಾಲ: ಬಡಗಣ ಗಾಳಿಯೂ ಪಡುವಣ ಕಡಲೂ

ಮುಂಬಯಿಯ ಉತ್ತರ ಉಪನಗರ ಕಾಂದಿವಲಿಯಲ್ಲಿ ಚಳಿಗಾಲ ಬಹಳ ಚಿಕ್ಕದು. ಮುಂಗಾರು ಮುಂಬಯಿಯಿಂದ ಹಿಂದೆ ಸರಿಯುವ ವಾಡಿಕೆಯ ದಿನ ಅಕ್ಟೋಬರ್ 8. ಅದರ ಬೆನ್ನಿಗೇ ಊರಿನವರು 'ಅಕ್ಟೋಬರ್ ಹೀಟ್' ಎಂದು ಕರೆಯುವ ಸೆಕೆ ಬರುತ್ತದೆ. ನವೆಂಬರಿನಲ್ಲಿ ರಾತ್ರಿಗಳು ತುಸು ಹಗುರವಾಗುತ್ತವೆ. ನಿಜವಾದ ಚಳಿ ಡಿಸೆಂಬರ್ ನಡುವಿನಿಂದ ಫೆಬ್ರವರಿ ಆರಂಭದವರೆಗೆ, ಅದೂ ಬಿಟ್ಟು ಬಿಟ್ಟು. ಮುಂಬಯಿಯ ಸಾಂತಾಕ್ರೂಜ್ ವೀಕ್ಷಣಾಲಯದಲ್ಲಿ ಜನವರಿಯ ಸರಾಸರಿ ಕನಿಷ್ಠ ತಾಪಮಾನ ಸುಮಾರು 17 ಡಿಗ್ರಿ ಸೆಲ್ಸಿಯಸ್, ಗರಿಷ್ಠ ಸುಮಾರು 31. ಇಲ್ಲಿನ ಚಳಿ ರಾತ್ರಿ ಮತ್ತು ಬೆಳಗಿನ ಜಾವದ್ದು. ಹತ್ತು ಗಂಟೆಗೆ ಸ್ವೆಟರ್ ಕೈಗೆ ಬರುತ್ತದೆ, ಮಧ್ಯಾಹ್ನ ಫ್ಯಾನ್ ತಿರುಗುತ್ತದೆ.

ಇದಕ್ಕೆ ಮೊದಲ ಕಾರಣ ಕಡಲು. ನೀರಿನ ಉಷ್ಣಧಾರಣೆ ಒಣಮಣ್ಣಿನದಕ್ಕಿಂತ ನಾಲ್ಕೈದು ಪಟ್ಟು ಹೆಚ್ಚು. ಬೇಸಿಗೆ, ಮಳೆಗಾಲಗಳಲ್ಲಿ ಹೀರಿಕೊಂಡ ಶಾಖವನ್ನು ಅರಬ್ಬೀ ಸಮುದ್ರ ನಿಧಾನವಾಗಿ ಬಿಟ್ಟುಕೊಡುತ್ತದೆ. ಜನವರಿಯಲ್ಲೂ ಮುಂಬಯಿಯೆದುರಿನ ನೀರಿನ ಮೇಲ್ಮೈ 25 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮೂರು ಕಡೆ ಕಡಲಿರುವ ಕೊಲಾಬಾದಲ್ಲಿ ರಾತ್ರಿಯ ಕನಿಷ್ಠ ಸಾಂತಾಕ್ರೂಜ್‌ಗಿಂತ ಎರಡು ಮೂರು ಡಿಗ್ರಿ ಹೆಚ್ಚಿರುವುದು ಇದರಿಂದಲೇ. ಹಗಲು ನೆಲ ಕಾದಾಗ ಕಡಲಗಾಳಿ ಒಳಕ್ಕೆ ಬೀಸಿ ಬಿಸಿಲಿನ ಏರಿಕೆಯನ್ನು ತಡೆಯುತ್ತದೆ. ರಾತ್ರಿ ನೆಲ ಬೇಗ ತಣಿದಾಗ ಗಾಳಿ ದಿಕ್ಕು ಬದಲಿಸಿ ನೆಲದಿಂದ ಕಡಲಿಗೆ ಹರಿಯುತ್ತದೆ. ಬೆಳಗಿನ ಗಾಳಿ ಪೂರ್ವದಿಂದಲೋ ಈಶಾನ್ಯದಿಂದಲೋ ಬರುವುದಕ್ಕೆ ಇದೂ ಒಂದು ಕಾರಣ.

ಕಡಲೊಂದೇ ಇದ್ದಿದ್ದರೆ ಮುಂಬಯಿಯ ಚಳಿಗಾಲ ಮಂಗಳೂರಿನಂತೆ ಇರುತ್ತಿತ್ತು. ದಕ್ಷಿಣ ಕನ್ನಡ, ಉಡುಪಿಗಳಿಂದ ಬಂದು ಈ ಉಪನಗರಗಳಲ್ಲಿ ನೆಲೆಸಿದ ಕುಟುಂಬಗಳಿಗೆ ಇದರ ವ್ಯತ್ಯಾಸ ಮೈಯ ಅನುಭವವೇ. ಊರಲ್ಲಿ ಜನವರಿಯ ಬೆಳಗು ಸಾಧಾರಣವಾಗಿ 20 ಡಿಗ್ರಿಗಿಂತ ಕೆಳಗಿಳಿಯದು. ಇಲ್ಲಿ ಕೆಲವು ದಿನ 14ಕ್ಕೂ ಇಳಿಯುತ್ತದೆ. ಮಂಗಳೂರು 13 ಡಿಗ್ರಿ ಅಕ್ಷಾಂಶದ ಹತ್ತಿರವಿದೆ, ಕಾಂದಿವಲಿ 19ನ್ನು ದಾಟಿದೆ. ಆರು ಡಿಗ್ರಿ ಉತ್ತರಕ್ಕೆ ಸರಿದದ್ದು ಉತ್ತರ ಭಾರತದ ಶೀತಗಾಳಿಯ ಕೈಗೆ ಎಟುಕುವಷ್ಟು ಹತ್ತಿರ ಬಂದಂತೆ.

ಆ ಶೀತಗಾಳಿಯ ಮೂಲವನ್ನು ಹುಡುಕಿದರೆ ಮೆಡಿಟರೇನಿಯನ್ ಸಮುದ್ರದ ಕಡೆಗೆ ಹೋಗಬೇಕಾಗುತ್ತದೆ. ಅಲ್ಲಿಂದ ಇರಾನ್, ಅಫ್ಘಾನಿಸ್ತಾನಗಳ ಮೇಲೆ ಹಾದು ಹಿಮಾಲಯ ತಲುಪುವ ಕಡಿಮೆ ಒತ್ತಡದ ವ್ಯವಸ್ಥೆಗಳನ್ನು ಹವಾಮಾನ ತಜ್ಞರು 'ಪಶ್ಚಿಮದ ಪ್ರಕ್ಷುಬ್ಧತೆ' ಎನ್ನುತ್ತಾರೆ. ಚಳಿಗಾಲದ ಪ್ರತಿ ತಿಂಗಳೂ ಇಂಥವು ನಾಲ್ಕಾರು ಬರುತ್ತವೆ. ಕಾಶ್ಮೀರ, ಹಿಮಾಚಲಗಳಲ್ಲಿ ಹಿಮ ಸುರಿಸಿ ಅವು ಪೂರ್ವಕ್ಕೆ ಸರಿದ ಮೇಲೆ, ಅವುಗಳ ಬೆನ್ನ ಹಿಂದೆ ತಣ್ಣನೆಯ ಒಣಗಾಳಿ ರಾಜಸ್ಥಾನ, ಗುಜರಾತುಗಳ ಬಯಲಿನ ಮೇಲೆ ದಕ್ಷಿಣಕ್ಕೆ ಇಳಿಯುತ್ತದೆ. ಅದು ಕೊಂಕಣದ ಉತ್ತರ ತುದಿಯನ್ನು ಮುಟ್ಟಿದ ಎರಡು ಮೂರು ದಿನಗಳೇ ಕಾಂದಿವಲಿಯ 'ಥಂಡಿ'. ಗಾಳಿ ಪೂರ್ವಕ್ಕೋ ಆಗ್ನೇಯಕ್ಕೋ ತಿರುಗಿದರೆ ಥಂಡಿ ಮುಗಿಯಿತು. 1962ರ ಜನವರಿ 22ರಂದು ಸಾಂತಾಕ್ರೂಜ್‌ನಲ್ಲಿ ತಾಪಮಾನ 7.4 ಡಿಗ್ರಿಗೆ ಇಳಿದಿತ್ತು. ಅಲ್ಲಿನ ದಾಖಲೆಯ ಅತಿ ಕಡಿಮೆ ತಾಪಮಾನ ಇಂದಿಗೂ ಅದೇ.

ಗಾಳಿಯ ದಿಕ್ಕು ಎಷ್ಟು ನಿರ್ಣಾಯಕ ಎನ್ನುವುದನ್ನು 2024ರ ಡಿಸೆಂಬರ್ ಚೆನ್ನಾಗಿ ತೋರಿಸಿತು. ನವೆಂಬರ್ 30ರಂದು ಪುದುಚೇರಿಯ ಬಳಿ ದಡ ಹತ್ತಿದ ಫೆಂಗಲ್ ಚಂಡಮಾರುತ ದುರ್ಬಲಗೊಂಡು ಪರ್ಯಾಯ ದ್ವೀಪವನ್ನು ದಾಟಿ, ಕರ್ನಾಟಕದ ಕರಾವಳಿಗೆ ಮಳೆ ಸುರಿಸಿ, ಅರಬ್ಬೀ ಸಮುದ್ರಕ್ಕೆ ಇಳಿಯಿತು. ಅದು ಹಾದುಹೋದ ದಿನಗಳಲ್ಲಿ ಮುಂಬಯಿಗೆ ಪೂರ್ವದ ಗಾಳಿ ಬೀಸಿತು, ಬಡಗಣ ಗಾಳಿಯ ದಾರಿ ಕಟ್ಟಿತು. ಡಿಸೆಂಬರಿನ ಮೊದಲ ವಾರದಲ್ಲೇ ಸಾಂತಾಕ್ರೂಜ್‌ನ ಗರಿಷ್ಠ ತಾಪಮಾನ 37 ಡಿಗ್ರಿಯನ್ನು ದಾಟಿತು. ಆಮೇಲೆ ಗಾಳಿ ಉತ್ತರಕ್ಕೆ ತಿರುಗಿದ್ದೇ ತಡ, ಡಿಸೆಂಬರ್ 9ರ ಬೆಳಗ್ಗೆ ಕನಿಷ್ಠ 13.7ಕ್ಕೆ ಬಿತ್ತು. ಒಂದೇ ಊರು, ಒಂದೇ ತಿಂಗಳು, ವಾರದೊಳಗೆ ಬಿರುಬೇಸಿಗೆಯ ಹಗಲೂ ಗಡಗಡ ನಡುಗಿಸುವ ಬೆಳಗೂ. ಮೂರು ತಿಂಗಳ ಸರಾಸರಿಯಲ್ಲಿ ಇವೆರಡೂ ಒಂದನ್ನೊಂದು ಅಳಿಸಿಹಾಕುತ್ತವೆ.

ಋತುವಿನ ಮುನ್ನೋಟವನ್ನು ಓದುವಾಗ ನೆನಪಿಡಬೇಕಾದ ಅಂಶವೂ ಇದೇ. ಭಾರತೀಯ ಹವಾಮಾನ ಇಲಾಖೆ ಚಳಿಗಾಲದ ಹೊಸ್ತಿಲಲ್ಲಿ ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ತಾಪಮಾನದ ಮುನ್ನೋಟ ಪ್ರಕಟಿಸುತ್ತದೆ. ಅದಕ್ಕೆ ಆಧಾರ ಕಡಲು ಮತ್ತು ವಾಯುಮಂಡಲವನ್ನು ಒಟ್ಟಿಗೆ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳು. ಆರಂಭದ ಸ್ಥಿತಿಯನ್ನು ಚೂರುಚೂರೇ ಬದಲಿಸಿ ಲೆಕ್ಕವನ್ನು ಮತ್ತೆ ಮತ್ತೆ ಓಡಿಸಿ, ಫಲಿತಾಂಶಗಳಲ್ಲಿ ಎಷ್ಟು ಪಾಲು ವಾಡಿಕೆಗಿಂತ ಬೆಚ್ಚಗಿವೆ, ಎಷ್ಟು ಪಾಲು ತಣ್ಣಗಿವೆ ಎಂದು ಎಣಿಸಲಾಗುತ್ತದೆ. ಹೊರಬರುವುದು ಸಂಭವನೀಯತೆ; ಇಂಥ ದಿನ ಇಷ್ಟು ಡಿಗ್ರಿ ಎಂಬ ಮಾತು ಅದರಲ್ಲಿ ಇರುವುದಿಲ್ಲ. ಇಲಾಖೆ ಬಳಸುತ್ತಿದ್ದ ಮಾನ್ಸೂನ್ ಮಿಷನ್ ಮಾದರಿಯಲ್ಲಿ, ಲೆಕ್ಕಕ್ಕಾಗಿ ಭೂಮಿಯನ್ನು ಭಾಗಿಸುವ ಒಂದೊಂದು ಚೌಕದ ಅಗಲ ಸುಮಾರು 38 ಕಿಲೋಮೀಟರ್. ಕೊಲಾಬಾದಿಂದ ಕಾಂದಿವಲಿಗೆ ನೇರ ಅಳತೆಯಲ್ಲಿ ಇರುವ ದೂರವೇ ಅದಕ್ಕಿಂತ ಕಡಿಮೆ. ಅಂಥ ಮಾದರಿಯ ಕಣ್ಣಿಗೆ ಕಡಲತೀರ, ಕಾಡು, ಕಟ್ಟಡ ಎಲ್ಲವೂ ಸೇರಿ ಒಂದೇ ಚುಕ್ಕೆ.

ಮೂರು ತಿಂಗಳ ಮುನ್ನೋಟಕ್ಕೆ ಬಲ ಕೊಡುವ ಮುಖ್ಯ ಸುಳಿವು ಶಾಂತ ಮಹಾಸಾಗರದಿಂದ ಬರುತ್ತದೆ. ಅದರ ಸಮಭಾಜಕ ಭಾಗ ವಾಡಿಕೆಗಿಂತ ಬಿಸಿಯಾದರೆ ಎಲ್ ನಿನೊ, ತಣ್ಣಗಾದರೆ ಲಾ ನಿನಾ. ಲಾ ನಿನಾ ವರ್ಷಗಳಲ್ಲಿ ಉತ್ತರ ಭಾರತದ ಚಳಿ ಬಲಗೊಳ್ಳುವ ಒಲವಿದೆ. ಆದರೆ ಒಲವು ಭರವಸೆಯಲ್ಲ. ಕಾಂದಿವಲಿಯ ನಿವಾಸಿಗೆ ಹೆಚ್ಚು ಉಪಯುಕ್ತವಾದದ್ದು ಇಲಾಖೆ ಪ್ರತಿ ಗುರುವಾರ ಹೊರಡಿಸುವ ವಾರಗಳ ಮುನ್ಸೂಚನೆ, ಅದಕ್ಕಿಂತಲೂ ಉಪಯುಕ್ತವಾದದ್ದು ನಾಲ್ಕೈದು ದಿನಗಳ ಮುನ್ಸೂಚನೆ. ಹಿಮಾಲಯದಲ್ಲಿ ಹಿಮ ಬಿದ್ದ ಸುದ್ದಿ, ಅದರ ನಂತರ ಗುಜರಾತಿನಲ್ಲಿ ಇಳಿಯುವ ತಾಪಮಾನ, ಇವೆರಡನ್ನು ಗಮನಿಸಿದವರಿಗೆ ಥಂಡಿಯ ಬರವು ಒಂದೆರಡು ದಿನ ಮುಂಚೆಯೇ ತಿಳಿಯುತ್ತದೆ.

ಕಾಂದಿವಲಿಯ ಒಳಗೂ ಚಳಿ ಸಮನಾಗಿ ಹಂಚಿಲ್ಲ. ರೈಲು ಹಳಿಯ ಪೂರ್ವಕ್ಕೆ ಠಾಕೂರ್ ವಿಲೇಜ್, ಲೋಖಂಡವಾಲಾಗಳನ್ನು ದಾಟಿದರೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡಕಾಡು. ಸುಮಾರು 104 ಚದರ ಕಿಲೋಮೀಟರ್ ಹಸಿರು. ಮೋಡವಿಲ್ಲದ, ಗಾಳಿ ನಿಂತ ರಾತ್ರಿ ಕಾಡಿನ ನೆಲ ತನ್ನ ಶಾಖವನ್ನು ಆಕಾಶಕ್ಕೆ ಚೆಲ್ಲಿ ಬೇಗ ತಣಿಯುತ್ತದೆ. ತಣಿದ ಗಾಳಿ ಭಾರ. ಅದು ಇಳಿಜಾರು ಹಿಡಿದು ತಗ್ಗಿಗೆ ಜಾರುತ್ತದೆ. ಪೋಯಿಸರ್ ನದಿ ಇಳಿದು ಬರುವುದೂ ಅದೇ ಗುಡ್ಡಗಳಿಂದ. ಪಶ್ಚಿಮದ ಚಾರ್‌ಕೋಪ್ ಕಡೆ ಖಾಡಿ ಮತ್ತು ಕಾಂಡ್ಲಾ ಕಾಡು ಇವೆ, ನೀರಿನ ತೇವವಿದೆ. ಅಲ್ಲಿ ರಾತ್ರಿಯ ತಾಪಮಾನ ಅಷ್ಟು ಬೇಗ ಇಳಿಯುವುದಿಲ್ಲ. ನಡುವಿನ ದಟ್ಟ ವಸತಿಯಲ್ಲಿ ಕಾಂಕ್ರೀಟು, ಡಾಂಬರು ಹಗಲಿನ ಬಿಸಿಯನ್ನು ಹಿಡಿದಿಟ್ಟು ರಾತ್ರಿಯಿಡೀ ಬಿಡುತ್ತಿರುತ್ತವೆ. ಆದ್ದರಿಂದ ಟಿವಿಯಲ್ಲಿ ಹೇಳುವ ಸಾಂತಾಕ್ರೂಜ್‌ನ ಅಂಕಿ ಕಾಂದಿವಲಿ ಪೂರ್ವದ ಕಾಡಂಚಿನ ಬೆಳಗಿಗೆ ಸರಿಯಾಗಿ ಹೊಂದಬೇಕೆಂದಿಲ್ಲ.

ಕರಾವಳಿಗೆ 'ಶೀತ ಅಲೆ' ಎನ್ನುವುದರ ಅಳತೆಯೂ ಬೇರೆ. ಬಯಲು ನಾಡಿನಲ್ಲಿ ಕನಿಷ್ಠ ತಾಪಮಾನ 10 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಾಗಬೇಕು. ಕಡಲತಡಿಯಲ್ಲಿ ಅಷ್ಟು ಇಳಿಯುವುದು ಅಪರೂಪವಾದ್ದರಿಂದ 15 ಡಿಗ್ರಿಯ ಮಿತಿ ಇಟ್ಟಿದ್ದಾರೆ. ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಇಳಿದಿರಬೇಕು. ಇದು ನ್ಯಾಯವಾದ ಅಳತೆ. ತೆಳುಗೋಡೆಯ ಚಾಳಿನಲ್ಲಿ, ತಗಡಿನ ಮಾಡಿನ ಕೆಳಗೆ, ಫುಟ್‌ಪಾತಿನ ಮೇಲೆ ಮಲಗುವವರಿಗೆ 13 ಡಿಗ್ರಿ ಸಣ್ಣ ಚಳಿಯಲ್ಲ.

ಚಳಿಗಾಲದ ಇನ್ನೊಂದು ಮುಖ ಧೂಳು ಮತ್ತು ಹೊಗೆ. ಸಾಮಾನ್ಯವಾಗಿ ಮೇಲೇರಿದಂತೆ ಗಾಳಿ ತಣ್ಣಗಾಗುತ್ತದೆ. ಚಳಿಯ ರಾತ್ರಿಗಳಲ್ಲಿ ನೆಲಕ್ಕಂಟಿದ ಪದರವೇ ಹೆಚ್ಚು ತಣಿದು, ಅದರ ಮೇಲೆ ಬೆಚ್ಚನೆಯ ಪದರ ಮುಚ್ಚಳದಂತೆ ಕೂರುತ್ತದೆ; ಇದಕ್ಕೆ ತಾಪ ವಿಪರ್ಯಯ ಎಂದು ಹೆಸರು. ಕಟ್ಟಡ ಕೆಲಸದ ಧೂಳು, ಪಶ್ಚಿಮ ದ್ರುತಗತಿ ಹೆದ್ದಾರಿಯ ಹೊಗೆ ಆ ಮುಚ್ಚಳದ ಕೆಳಗೇ ಸುಳಿಯುತ್ತವೆ. ಬಿಸಿಲೇರಿ ಮುಚ್ಚಳ ಒಡೆಯುವವರೆಗೆ, ಕಡಲಗಾಳಿ ಬಲ ಹಿಡಿಯುವವರೆಗೆ ಗಾಳಿ ತಿಳಿಯಾಗದು. ಉಬ್ಬಸ ಇರುವವರು ನಸುಕಿನ ವಾಕಿಂಗನ್ನು ಬಿಸಿಲೇರಿದ ಮೇಲಕ್ಕೆ ಮುಂದೂಡುವುದು ಒಳ್ಳೆಯದು.

ಮಳೆಯ ವಿಷಯದಲ್ಲಿ ಹೇಳುವುದು ಕಡಿಮೆ. ಮುಂಗಾರಿನ ನಾಲ್ಕು ತಿಂಗಳಲ್ಲಿ 2,300 ಮಿಲಿಮೀಟರ್ ಮಳೆ ಕಾಣುವ ಈ ಪ್ರದೇಶಕ್ಕೆ ಜನವರಿ, ಫೆಬ್ರವರಿಗಳು ಬಹುತೇಕ ಒಣ. ಅಪವಾದವಾಗಿ 2017ರ ಡಿಸೆಂಬರ್ ಮೊದಲ ವಾರ ಓಖಿ ಚಂಡಮಾರುತ ಅರಬ್ಬೀ ಸಮುದ್ರದಲ್ಲಿ ಗುಜರಾತಿನತ್ತ ಸಾಗುವಾಗ ಮುಂಬಯಿ ತೊಯ್ದಿತ್ತು. 2021ರ ಡಿಸೆಂಬರ್ ಆರಂಭದಲ್ಲೂ ಅಕಾಲ ಮಳೆ ಬಂದಿತ್ತು. ಇಂಥ ಮಳೆಯನ್ನು ಋತುವಿನ ಮುನ್ನೋಟ ಹಿಡಿಯಲಾರದು. ಕೆಲವು ದಿನ ಮುಂಚಿನ ಎಚ್ಚರಿಕೆಯೇ ಅದಕ್ಕೆ ದಾರಿ.

ಫೆಬ್ರವರಿಯಲ್ಲಿ ಕಾಲ ಹಠಾತ್ತನೆ ಹೊರಳುತ್ತದೆ. ನೆಲದ ಕಡೆಯ ಪೂರ್ವಗಾಳಿ ಬಲವಾಗಿ, ಕಡಲಗಾಳಿ ಹೊರಡುವುದು ಮಧ್ಯಾಹ್ನ ಕಳೆಯುವವರೆಗೆ ತಡವಾದರೆ ತಾಪಮಾನ ಒಮ್ಮೆಲೇ ಏರುತ್ತದೆ. 1966ರ ಫೆಬ್ರವರಿ 25ರಂದು ಸಾಂತಾಕ್ರೂಜ್‌ನಲ್ಲಿ 39.6 ಡಿಗ್ರಿ ದಾಖಲಾಗಿತ್ತು. ಕರಾವಳಿಯಲ್ಲಿ ಬಿಸಿಗಾಳಿ ಎಂದು ಘೋಷಿಸಲು ಗರಿಷ್ಠ 37 ಡಿಗ್ರಿ ತಲುಪಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿದ್ದರೆ ಸಾಕು. 2025ರಲ್ಲಿ ಫೆಬ್ರವರಿ ಮುಗಿಯುವ ಮೊದಲೇ ಮುಂಬಯಿಗೆ ಆ ಎಚ್ಚರಿಕೆ ಬಂದಿತ್ತು.