ಮಾತ್ರೆಯ ಲೆಕ್ಕಕ್ಕೆ ಸರಳರೇಖೆ ಸಾಕೇ?

ಬಳಗಾನೂರು ಸುತ್ತಿನ ಭತ್ತದ ಗದ್ದೆಗೆ ಯೂರಿಯಾ ಇಮ್ಮಡಿ ಹಾಕಿದರೆ ಇಳುವರಿ ಇಮ್ಮಡಿಯಾಗದು ಎಂಬುದು ರೈತರ ಮಕ್ಕಳಿಗೆ ಗೊತ್ತು. ಮೈಗೆ ಸೇರುವ ಮದ್ದಿನ ಲೆಕ್ಕವೂ ಕೆಲವೊಮ್ಮೆ ಹೀಗೆ ನೇರ ದಾರಿ ಬಿಡುತ್ತದೆ; ಆದರೆ ತದ್ವಿರುದ್ಧ ದಿಕ್ಕಿನಲ್ಲಿ.

ಮೂರ್ಛೆರೋಗವನ್ನು ನೋಡಿ. ನಿಮ್ಹಾನ್ಸ್ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲ ಹಳ್ಳಿಗಳ 1,02,557 ಜನರ ಸಮೀಕ್ಷೆ ನಡೆಸಿ 2004ರಲ್ಲಿ ಪ್ರಕಟಿಸಿದ ವರದಿಯಂತೆ, ಸಾವಿರಕ್ಕೆ ಸುಮಾರು 9 ಮಂದಿಗೆ ಈ ಕಾಯಿಲೆಯಿತ್ತು. ಹಳ್ಳಿಗಳಲ್ಲಿ ನಗರದ ಇಮ್ಮಡಿ. ಇದಕ್ಕೆ ಕೊಡುವ ಹಳೆಯ, ಅಗ್ಗದ ಔಷಧಿ ಫೆನಿಟಾಯಿನ್. ಸಾಮಾನ್ಯವಾಗಿ ರಕ್ತದಲ್ಲಿ ಅದು ಲೀಟರಿಗೆ 10ರಿಂದ 20 ಮಿಲಿಗ್ರಾಂ ಇರಬೇಕು. ಕಡಿಮೆಯಾದರೆ ಫಿಟ್ಸ್ ಮರುಕಳಿಸಬಹುದು. ಮಿತಿಮೀರಿದರೆ ಕಣ್ಣುಗುಡ್ಡೆ ಅದುರುತ್ತದೆ, ನಡಿಗೆ ತೂರಾಡುತ್ತದೆ.

ಎಷ್ಟು ಮದ್ದಿಗೆ ಎಷ್ಟು ಸಾಂದ್ರತೆ ಎಂದು ಅಂದಾಜಿಸಲು ಒಂದು ಸಾಧನ ರೇಖೀಯ ಹಿಂಚಲನೆ, ಅಂದರೆ ಲೀನಿಯರ್ ರಿಗ್ರೆಷನ್. ಗ್ರಾಫ್ ಹಾಳೆಯ ಬಿಂದುಗಳ ನಡುವೆ ಒಂದು ಸರಳರೇಖೆ ಎಳೆಯಬೇಕು. ಬಿಂದುಗಳಿಂದ ರೇಖೆಗಿರುವ ಲಂಬ ಅಂತರಗಳ ವರ್ಗಗಳ ಮೊತ್ತ ಕನಿಷ್ಠವಾಗಿರಬೇಕು. ಈ 'ಕನಿಷ್ಠ ವರ್ಗ' ವಿಧಾನವನ್ನು ಫ್ರಾನ್ಸಿನ ಲೆಜಾಂಡ್ರ್ 1805ರಲ್ಲಿ ಪ್ರಕಟಿಸಿದ.

ಒಂದು ಮಾದರಿ ಲೆಕ್ಕ ಮಾಡೋಣ. ದಿನಕ್ಕೆ 100, 200, 300 ಮಿಲಿಗ್ರಾಂ ಫೆನಿಟಾಯಿನ್ ಕೊಟ್ಟಾಗ ರಕ್ತದಲ್ಲಿ ಕ್ರಮವಾಗಿ 1.3, 4, 12 ಮಿಲಿಗ್ರಾಂ ಇದೆಯೆನ್ನಿ. ರೇಖೆ ಎಳೆದರೆ ಸಹಸಂಬಂಧ ಗುಣಾಂಕ 0.96. ನೂರಕ್ಕೆ ತೊಂಬತ್ತಾರು ಅಂಕ ಬಂದಂತೆ! ಅದೇ ರೇಖೆಯನ್ನು ಮುಂದುವರಿಸಿದರೆ 350 ಮಿಲಿಗ್ರಾಂಗೆ ಸಿಗುವ ಉತ್ತರ ಸುಮಾರು 14. ಸುರಕ್ಷಿತವೆಂದೇ ತೋರುತ್ತದೆ. ಆದರೆ ಮೊದಲ ಮೂರು ಅಂಕಿಗಳು ಬಂದ ಸೂತ್ರದಿಂದಲೇ ಲೆಕ್ಕ ಹಾಕಿದರೆ 350ಕ್ಕೆ ಬರುವುದು 28, ಅಂದರೆ ವಿಷಮಟ್ಟ.

ಏಕೆ ಹೀಗೆ? ಫೆನಿಟಾಯಿನನ್ನು ಒಡೆಯುವುದು ಯಕೃತ್ತಿನ ಕಿಣ್ವಗಳು. ಅವುಗಳ ದಿನದ ದುಡಿಮೆಗೆ ಒಂದು ಮಿತಿಯಿದೆ. ನಮ್ಮ ಲೆಕ್ಕದಲ್ಲಿ ಅದು 400 ಮಿಲಿಗ್ರಾಂ. ಮದ್ದಿನ ಪ್ರಮಾಣ ಮಿತಿಯ ಹತ್ತಿರ ಬಂದಂತೆ ಒಡೆಯದ ಮದ್ದು ರಕ್ತದಲ್ಲೇ ಕೂಡಿಬೀಳುತ್ತದೆ. ಈ ಮಿತಿ ಎಲ್ಲರಿಗೂ ಒಂದೇ ಅಲ್ಲ.

ರೇಖೆ ಸುಳಿವನ್ನು ಕೊಟ್ಟೇ ಇತ್ತು. ಮದ್ದು ಸೊನ್ನೆಯಾದಾಗ ಅದು ತೋರಿಸುವ ಸಾಂದ್ರತೆ ಮೈನಸ್ 4.9! ರಕ್ತದಲ್ಲಿ ಸೊನ್ನೆಗಿಂತ ಕಡಿಮೆ ಮದ್ದು ಇರುವುದುಂಟೇ?

ವಿದ್ಯಾರ್ಥಿಗಳು ತಿಳಿಯಬೇಕಾದುದು ಇಷ್ಟೆ: ಅಳತೆ ಮುಗಿದಲ್ಲಿಗೆ ರೇಖೆಯ ಭರವಸೆಯೂ ಮುಗಿಯುತ್ತದೆ; ಗುಣಾಂಕ ಎಷ್ಟೇ ಚೆನ್ನಾಗಿರಲಿ, ಬಿಂದುಗಳನ್ನು ಕಣ್ಣಿಟ್ಟು ನೋಡಬೇಕು. ಪೋಷಕರಿಗೂ ಒಂದು ಮಾತು. ಫಿಟ್ಸ್ ಮತ್ತೆ ಬಂತೆಂದು ಮನೆಯಲ್ಲೇ ಅರ್ಧ ಮಾತ್ರೆ ಹೆಚ್ಚಿಸುವುದಾಗಲಿ, ನಿಂತಿತೆಂದು ಮಾತ್ರೆ ಬಿಡುವುದಾಗಲಿ ಸಲ್ಲದು. ಅದು ರಕ್ತಪರೀಕ್ಷೆ ನೋಡಿ ವೈದ್ಯರೇ ನಿರ್ಧರಿಸಬೇಕಾದ ಲೆಕ್ಕ.