ನೆಲದೊಳಗಿನ ಬೆಂಕಿಯೂ ಮಂದತೈಲದ ಉಷ್ಣಪರೀಕ್ಷೆಯೂ

ತರೀಕೆರೆಯ ಕಡೆಯಿಂದ ಲಿಂಗದಹಳ್ಳಿಯ ಮಾರ್ಗವಾಗಿ ಕೆಮ್ಮಣ್ಣುಗುಂಡಿಗೆ ಹೋದವರು ಅಲ್ಲಿಯ ಕಬ್ಬಿಣದ ಅದಿರಿನ ಬೆಟ್ಟವನ್ನು ಬಲ್ಲರು. ಆ ಅದಿರನ್ನು ನಂಬಿ 1923ರಲ್ಲಿ ಭದ್ರಾವತಿಯ ಕಾರ್ಖಾನೆ ಕೆಲಸವನ್ನಾರಂಭಿಸಿತು. ಅದರ ಕುಲುಮೆಗೆ ಆಗ ಉರುವಲಾಗಿದ್ದುದು ಕಲ್ಲಿದ್ದಲಲ್ಲ. ನಮ್ಮ ಮಲೆನಾಡಿನ ಸೌದೆಯಿಂದಾದ ಇದ್ದಲು.

ಸೌದೆಯನ್ನು ಇದ್ದಲಾಗಿಸುವುದಕ್ಕೆ ಎರಡು ಬಗೆಗಳುಂಟು. ಗಾಳಿಯಾಡದ ಪಾತ್ರೆಯಲ್ಲಿ ಹೊರಗಿನಿಂದ ಕಾಸುವುದು ಒಂದು. ಭದ್ರಾವತಿಯಲ್ಲಿ ಹೀಗೆ ಕಾಸಿ, ಇದ್ದಲಿನೊಡನೆ ಡಾಂಬರು ಮೊದಲಾದವುಗಳನ್ನೂ ಇಳಿಸಿಕೊಳ್ಳುತ್ತಿದ್ದರು. ಮತ್ತೊಂದು ಹಳೆಯ ಬಗೆ: ಸೌದೆಯ ರಾಶಿಗೆ ಮಣ್ಣು ಮೆತ್ತಿ, ಸಣ್ಣ ಕಂಡಿಗಳನ್ನು ಬಿಟ್ಟು, ಒಳಗೆ ಕಿಚ್ಚಿಡುವುದು. ಇಲ್ಲಿ ಸೌದೆಯ ಒಂದು ಪಾಲು ತಾನು ಉರಿದು, ಮಿಕ್ಕ ಪಾಲನ್ನು ಬೇಯಿಸುತ್ತದೆ. ಕಂಡಿ ಹೆಚ್ಚಾದರೆ ಎಲ್ಲವೂ ಬೂದಿ. ಕಡಮೆಯಾದರೆ ಬೆಂಕಿ ನಂದಿ ಸೌದೆ ಅರೆಬೆಂದು ಹೊಗೆಯಾಡುವುದು. ಗೂಡಿನವನ ಜಾಣತನವೆಲ್ಲ ಗಾಳಿಯ ಲೆಕ್ಕದಲ್ಲಿದೆ.

ಈ ಗೂಡನ್ನು ಸಾವಿರ ಮೀಟರು ಕೆಳಗೆ ನೆಲದ ಮರಳುಗಲ್ಲಿನೊಳಗೆ ಕಲ್ಪಿಸಿಕೊಳ್ಳುವುದಾದರೆ ನಮ್ಮ ಇಂದಿನ ವಿಷಯದ ಅರ್ಧ ಭಾಗ ತಿಳಿದಂತೆಯೇ ಸರಿ.

ಭೂಗರ್ಭದ ತೈಲವೆಲ್ಲವೂ ನೀರಿನಂತೆ ಹರಿಯತಕ್ಕದ್ದಲ್ಲ. ಗುಜರಾತಿನ ಮೆಹಸಾಣಾ ಪ್ರಾಂತದ ಬಾಲೋಲ್, ಸಂಥಾಲ್ ಎಂಬ ಕ್ಷೇತ್ರಗಳ ತೈಲವು ಚಳಿಗಾಲದ ಜೋನಿಬೆಲ್ಲದಂತೆ ಮಂದವಾದುದು. ಬಾವಿ ತೋಡಿ ಪಂಪು ಹಾಕಿದರೂ ಬಹುಪಾಲು ತೈಲ ಕಲ್ಲಿನ ರಂಧ್ರಗಳಲ್ಲಿಯೇ ಉಳಿಯುತ್ತದೆ. ಜೋನಿಬೆಲ್ಲಕ್ಕಾದರೆ ಒಲೆಯ ಬಳಿ ಇಡುವುದೇ ಉಪಾಯ. ನೆಲದೊಳಗಿನ ತೈಲಕ್ಕೆ ಒಲೆಯನ್ನು ಅಲ್ಲಿಯೇ ಹೂಡಬೇಕು. ಒಂದು ಬಾವಿಯ ಮೂಲಕ ಗಾಳಿಯನ್ನು ಒತ್ತಿ ಕಳುಹಿಸಿ ತೈಲಕ್ಕೆ ಕಿಚ್ಚಿಡುವರು. ಉರಿಯು ಕಲ್ಲಿನೊಳಗೆ ಮೆಲ್ಲನೆ ಮುಂದುವರಿಯುತ್ತ, ತನ್ನ ಮುಂದಿರುವ ತೈಲವನ್ನು ಕಾಸಿ ತೆಳುಮಾಡಿ ಇತರ ಬಾವಿಗಳತ್ತ ತಳ್ಳುವುದು. ರುಮೇನಿಯಾ ದೇಶದ ಸುಪ್ಲಾಕು ದೆ ಬರ್ಕೌ ಎಂಬಲ್ಲಿ 1964ರಲ್ಲಿ ಇದನ್ನು ಆರಂಭಿಸಿದರು. ಬಾಲೋಲಿನಲ್ಲಿ 1990ರಲ್ಲಿ ಪರೀಕ್ಷಾರ್ಥವಾಗಿ ನಡೆಯಿಸಿ, 1997ರಲ್ಲಿ ಎರಡು ಕ್ಷೇತ್ರಗಳಿಗೂ ದೊಡ್ಡ ಪ್ರಮಾಣದಲ್ಲಿ ವಿಸ್ತರಿಸಿದರು.

ಸುಟ್ಟುಹೋದ ಮೇಲೆ ತೈಲವೆಲ್ಲಿಂದ ಬಂದೀತೆಂದು ಶ್ರೋತೃಗಳು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಉರಿ ಹತ್ತಿರವಾದಂತೆ ತೈಲದ ಹಗುರವಾದ ಅಂಶಗಳು ಆವಿಯಾಗಿ ಮುಂದೆ ಸರಿಯುವುವು. ಭಾರವಾದ ಅಂಶಗಳು ಒಡೆದು, ಇದ್ದಲಿನಂತಹ ಕರಿಯ ಕಿಟ್ಟವೊಂದು ಮರಳಿಗೆ ಅಂಟಿ ಉಳಿಯುವುದು. ಉರಿಗೆ ಆಹಾರವಾಗುವುದು ಮುಖ್ಯವಾಗಿ ಈ ಕಿಟ್ಟವೇ. ಅದು ಸಾಲದಿದ್ದರೆ ಬೆಂಕಿ ನಂದುವುದು. ಅತಿಯಾದರೆ ಅದನ್ನು ಸುಡುವುದಕ್ಕೆ ಬೇಕಾದ ಗಾಳಿಯ ವೆಚ್ಚವೇ ತೈಲದ ಬೆಲೆಯನ್ನು ನುಂಗುವುದು.

ಇದಕ್ಕಿಂತ ದೊಡ್ಡ ಅಪಾಯವೊಂದುಂಟು. ಜನರು ಅಂಜುವುದು ಬೆಂಕಿ ಕೈಮೀರೀತೆಂದು. ಬಲ್ಲವರು ಅಂಜುವುದು ಅದು ಸಾಕಷ್ಟು ಬಿಸಿಯಾಗಲಾರದೆಂದು. ದೀಪದ ಕಂಬದ ಮೇಲೆ ಬಹುದಿನ ನಿಂತ ಎಣ್ಣೆ ಅಂಟಾಗುವುದನ್ನು ಮನೆಯವರೆಲ್ಲ ನೋಡಿರುವರು. ಗಾಳಿಯ ಆಮ್ಲಜನಕವು ಎಣ್ಣೆಯನ್ನು ಸುಡದೆ ಅದರೊಡನೆ ಸೇರಿಕೊಂಡುದರ ಫಲವದು. ಭೂಮಿಯೊಳಗಿನ ತೈಲವೂ ಸುಮಾರು 350 ಡಿಗ್ರಿಗಿಂತ ಕೆಳಗೆ ಬಹುಮಟ್ಟಿಗೆ ಹೀಗೆಯೇ ವರ್ತಿಸುವುದು. ಅಲ್ಲಿಯೇ ಬೆಂಕಿ ಕುಂಟಿದರೆ, ತೆಳುವಾಗಬೇಕಾಗಿದ್ದ ತೈಲವು ಇನ್ನಷ್ಟು ಮಂದವಾಗಿ ದಾರಿಯನ್ನೇ ಮುಚ್ಚುವುದು. ಕೋಟಿಗಟ್ಟಲೆ ಹಣ ಸುರಿದು ಬಾವಿಯನ್ನು ಕೆಡಿಸಿಕೊಂಡಂತಾಯಿತು.

ಆದುದರಿಂದ ಕಿಚ್ಚಿಡುವ ಮೊದಲೇ ತೈಲದ ಸ್ವಭಾವವನ್ನು ಅರಿಯಬೇಕು. ಅದಕ್ಕೆ ಕೆಲವು ಮಿಲಿಗ್ರಾಂ ತೈಲ ಸಾಕು. ಕಾಸುತ್ತ ಪದಾರ್ಥದ ಗುಣವನ್ನು ಶೋಧಿಸುವ ಮಾರ್ಗವನ್ನು 1887ರಲ್ಲಿ ಫ್ರಾನ್ಸಿನ ಲ ಶಾತೆಲಿಯೆ ಜೇಡಿಮಣ್ಣಿನ ಮೇಲೆ ಪ್ರಯೋಗಿಸಿದನು. ಕಾಸುತ್ತಿರುವಾಗಲೇ ತೂಗುವ ತಕ್ಕಡಿಯನ್ನು 1915ರಲ್ಲಿ ಜಪಾನಿನ ಹೋಂಡಾ ಕೊಟಾರೊ ರಚಿಸಿದನು. ಉಕ್ಕಿನ ಶೋಧನೆಗಳಿಂದ ಹೆಸರಾದ ಪಂಡಿತನಾತ.

ಗಾಳಿ ಹಾಯುವ ಒಲೆಯೊಳಗೆ ಈ ತಕ್ಕಡಿಯ ಪುಟ್ಟ ಬಟ್ಟಲಿನಲ್ಲಿ ತೈಲವನ್ನಿಟ್ಟು, ನಿಮಿಷಕ್ಕೆ ಹತ್ತು ಡಿಗ್ರಿಯಂತೆ ಶಾಖವನ್ನು ಏರಿಸುವರು. ಮೊದಲು ಹಗುರವಾದ ಅಂಶ ಹಾರಿ ತೂಕ ಇಳಿಯುವುದು. ಬಳಿಕ ಆಮ್ಲಜನಕ ಸೇರುವ ಘಟ್ಟ. ಇಲ್ಲಿ ತೂಕದ ಇಳಿತ ನಿಧಾನವಾಗುವುದುಂಟು. ಅನಂತರ ಕಿಟ್ಟ ಕಟ್ಟುವುದು. ಕೊನೆಗೆ ಸುಮಾರು 400ರಿಂದ 550 ಡಿಗ್ರಿಗಳ ನಡುವೆ ಕಿಟ್ಟವು ನಿಜವಾಗಿ ಉರಿದು, ತೂಕ ಸರ್ರನೆ ಕುಸಿಯುವುದು. ಹೊರಬಂದ ಶಾಖವನ್ನೂ ಜೊತೆಯಲ್ಲಿಯೇ ಅಳೆದರೆ ಕಾಗದದ ಮೇಲೆ ಎರಡು ಗುಡ್ಡಗಳು ಮೂಡುವುವು: ಮೊದಲನೆಯದು ಆಮ್ಲಜನಕ ಸೇರಿದುದರದು, ಎರಡನೆಯದು ಉರಿಯದು. ಈ ಗುಡ್ಡಗಳ ನಡುವಣ ಕಣಿವೆಯನ್ನು ಬೆಂಕಿ ದಾಟಬಲ್ಲುದೇ ಎಂಬುದೇ ಪ್ರಶ್ನೆ. ಕಾಸುವ ವೇಗವನ್ನು ಬದಲಾಯಿಸಿ ಪ್ರಯೋಗವನ್ನು ಮತ್ತೆ ಮತ್ತೆ ನಡೆಯಿಸಿದರೆ ಗುಡ್ಡಗಳು ಪಕ್ಕಕ್ಕೆ ಸರಿಯುವುವು. ಆ ಸರಿತದಿಂದ, ಉರಿ ಹೊತ್ತಿಕೊಳ್ಳಲು ತೈಲಕ್ಕೆ ಎಷ್ಟು ಪ್ರೇರಣೆ ಬೇಕೆಂಬುದನ್ನು ಗಣಿಸುವರು.

ಬರಿಯ ತೈಲವನ್ನು ಪರೀಕ್ಷಿಸಿದರೆ ಸಾಲದು. ಅದೇ ಕ್ಷೇತ್ರದ ಮರಳಿನೊಡನೆ ಬೆರೆಸಬೇಕು. ಮರಳಿನಲ್ಲಿ ಜೇಡಿಯ ಅಂಶವಿದ್ದರೆ ಕಿಟ್ಟ ಹೆಚ್ಚಾಗಿ ಕಟ್ಟುವುದು, ಉರಿಯೂ ಕಡಮೆ ಶಾಖದಲ್ಲಿಯೇ ಹೊತ್ತುವುದು. ಕಲ್ಲು ಇಲ್ಲಿ ಬರಿಯ ಪಾತ್ರೆಯಲ್ಲ, ಪಾಲುದಾರ. ಆದರೆ ಬಟ್ಟಲಿನಲ್ಲಿ ಭೂಗರ್ಭದ ಒತ್ತಡವಿಲ್ಲ; ಉರಿ ಮುನ್ನಡೆಯುವುದಕ್ಕೆ ದೂರವೂ ಇಲ್ಲ. ಆದಕಾರಣ ತಕ್ಕಡಿಯ ಮಾತನ್ನೇ ಪೂರ್ತಿಯಾಗಿ ನಂಬದೆ, ಆಳುದ್ದದ ಉಕ್ಕಿನ ಕೊಳವೆಯಲ್ಲಿ ತೈಲದ ಮರಳನ್ನು ತುಂಬಿ, ಒತ್ತಡದ ಗಾಳಿಯನ್ನು ಹಾಯಿಸಿ, ಒಂದು ತುದಿಯಿಂದ ಮತ್ತೊಂದಕ್ಕೆ ಉರಿಯನ್ನು ನಡೆಯಿಸಿ ನೋಡುವರು. ಒಂದು ಗೇಣು ಮರಳು ಉರಿಯಲು ಬೇಕಾದ ಗಾಳಿಯ ಲೆಕ್ಕ ಸಿಕ್ಕುವುದು ಅಲ್ಲಿಯೇ.

ಕ್ಷೇತ್ರದಲ್ಲಿ ಕೆಲಸ ಹತ್ತಿದ ಮೇಲೆ ಉರಿಯನ್ನು ಕಣ್ಣಾರೆ ಕಾಣುವಂತಿಲ್ಲ. ಗೂಡಿನವನು ಹೊಗೆಯ ಬಣ್ಣವನ್ನು ನೋಡಿ ಒಳಗಿನ ಸ್ಥಿತಿಯನ್ನು ಹೇಳುವಂತೆ, ಇಲ್ಲಿಯೂ ತೈಲದ ಬಾವಿಗಳಿಂದ ಬರುವ ಅನಿಲವನ್ನು ಶೋಧಿಸುವರು. ಇಂಗಾಲಾಮ್ಲವಾಯು ಸಮೃದ್ಧವಾಗಿದ್ದರೆ ಒಳಗೆ ಉರಿ ಬಲವಾಗಿದೆಯೆಂದು ತಿಳಿಯುವರು. ಅದು ಇಳಿಮುಖವಾದರೆ ಉರಿ ಕುಂಟುತ್ತಿದೆಯೆಂಬ ಸಂಶಯ. ಆಮ್ಲಜನಕವೇ ಖರ್ಚಾಗದೆ ಬಾವಿಯವರೆಗೆ ಬಂದರೆ, ಅಲ್ಲಿ ತೈಲದ ಆವಿಯೊಡನೆ ಬೆರೆತು ಸಿಡಿಯುವ ಭಯವಿರುವುದರಿಂದ ಆ ಬಾವಿಯನ್ನು ಮುಚ್ಚುವರು.