ಹಳೆಯ ಯಂತ್ರದ ಹೊನ್ನು ಮತ್ತು ನಂಜು

ಆನೆ ಇದ್ದರೂ ಸಾವಿರ ಹೊನ್ನು, ಸತ್ತರೂ ಸಾವಿರ ಹೊನ್ನು ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ನಾಣ್ಣುಡಿ. ಈ ಮಾತು ಗಣಕಯಂತ್ರಕ್ಕೆ ಒಪ್ಪುವಷ್ಟು ಮತ್ತಾವ ಯಂತ್ರಕ್ಕೂ ಒಪ್ಪಲಾರದು. ದುಡಿಯುವಷ್ಟು ಕಾಲ ಅದು ಲೆಕ್ಕಪತ್ರಗಳನ್ನು ಇಡುತ್ತದೆ, ಕಡತಗಳನ್ನು ಕಾಯುತ್ತದೆ. ಕೆಟ್ಟು ಮೂಲೆ ಸೇರಿದ ಮೇಲೆಯೂ ಅದರ ಒಡಲಿನಲ್ಲಿ ಕಬ್ಬಿಣ, ತಾಮ್ರ, ಅಲ್ಯೂಮಿನಿಯಂ, ಬೆಳ್ಳಿ, ಚಿನ್ನಗಳು ಉಳಿದಿರುತ್ತವೆ. ಆದರೆ ಸತ್ತ ಆನೆಗೂ ಕೆಟ್ಟ ಗಣಕಕ್ಕೂ ಒಂದು ಭೇದವುಂಟು. ಗಣಕದೊಳಗೆ ಹೊನ್ನಿನ ಮಗ್ಗುಲಲ್ಲಿಯೇ ನಂಜೂ ಇದೆ. ಹೊನ್ನು ಯಾರ ಕೈಸೇರುತ್ತದೆ, ನಂಜು ಯಾರ ಮೈಸೇರುತ್ತದೆ ಎಂಬುದು ಆ ಯಂತ್ರವನ್ನು ಬಿಚ್ಚುವ ಬಗೆಯನ್ನು ಅವಲಂಬಿಸಿದೆ.

ಗಣಕಗಳಲ್ಲಿ ಸರ್ವರ್ ಎಂಬುದೊಂದು ಬಗೆ. ಹಲವು ಗಣಕಗಳು ಕೇಳಿದ ಮಾಹಿತಿಯನ್ನು ಹಗಲಿರುಳು ಒದಗಿಸುತ್ತಿರುವುದೇ ಅದರ ಕಾಯಕ. ದೊಡ್ಡ ನಗರಗಳಿಗೆ ಮಾತ್ರ ಸೇರಿದ ವಸ್ತು ಇದೆಂದು ಭಾವಿಸಬಾರದು. 2000ದ ಸುಮಾರಿನಲ್ಲಿ ಕರ್ನಾಟಕ ಸರ್ಕಾರವು ‘ಭೂಮಿ’ ಯೋಜನೆಯ ಮೂಲಕ ರೈತರ ಪಹಣಿಗಳನ್ನು ಗಣಕೀಕರಿಸಿದಾಗ ತಾಲ್ಲೂಕು ಕಚೇರಿಗಳಿಗೆ ಸರ್ವರುಗಳು ಬಂದವು. ಆಗ ಬೈಂದೂರು ಕುಂದಾಪುರ ತಾಲ್ಲೂಕಿನಲ್ಲಿಯೂ ಬ್ರಹ್ಮಾವರ ಉಡುಪಿ ತಾಲ್ಲೂಕಿನಲ್ಲಿಯೂ ಸೇರಿದ್ದವು. 2018ರಲ್ಲಿ ಅವೆರಡೂ ಪ್ರತ್ಯೇಕ ತಾಲ್ಲೂಕುಗಳಾದವು. ಬ್ಯಾಂಕುಗಳ ತವರೆನಿಸಿದ ಈ ಕರಾವಳಿಯಲ್ಲಿ ಶಾಖೆಶಾಖೆಗಳಲ್ಲಿಯೂ ಇಂತಹ ಯಂತ್ರಗಳು ದುಡಿದವು. ಮುಂದೆ ಶಾಖೆಗಳ ಲೆಕ್ಕವೆಲ್ಲ ದೂರದ ಕೇಂದ್ರಗಳಿಗೆ ಜೋಡಣೆಯಾದಾಗ ಊರಿನ ಯಂತ್ರಗಳಿಗೆ ಕೆಲಸ ತಪ್ಪಿತು. ಅಲ್ಲದೆ, ಸರ್ವರಿನ ಆಯುಸ್ಸು ಸಾಮಾನ್ಯವಾಗಿ ಐದಾರು ವರ್ಷಗಳದ್ದು. ಕಡಲತೀರದ ಉಪ್ಪುಗಾಳಿಯೂ ತೇವವೂ ಅದರ ಬೆಸುಗೆಗಳನ್ನು ಬೇಗನೆ ತಿನ್ನುತ್ತವೆ. ಹೀಗೆ ಸೇವೆ ಮುಗಿಸಿದ ಯಂತ್ರವು ಕಚೇರಿಯ ಉಗ್ರಾಣದಲ್ಲಿ ಕೆಲಕಾಲ ಧೂಳು ಹಿಡಿದು, ಕಟ್ಟಕಡೆಗೆ ಗುಜರಿಯವನ ತಕ್ಕಡಿಯನ್ನು ಏರುವುದು ವಾಡಿಕೆ.

ಗುಜರಿಯ ವೃತ್ತಿಯನ್ನು ಕೀಳಾಗಿ ಕಾಣುವವರು ಅದರ ಮರ್ಮವನ್ನು ಅರಿಯರು. ಅಯಸ್ಕಾಂತವನ್ನು ತಾಗಿಸಿ ಕಬ್ಬಿಣವನ್ನೂ, ಗೀರಿ ನೋಡಿ ತಾಮ್ರವನ್ನೂ, ಕೈಯಲ್ಲಿ ತೂಗಿ ಅಲ್ಯೂಮಿನಿಯಂ ಅನ್ನೂ ಗುರುತಿಸಬಲ್ಲ ಅನುಭವಿ ಅವನು. ನಾವು ಎಸೆದ ವಸ್ತುವಿಗೆ ಮರುಹುಟ್ಟು ಕೊಡುವ ಸರಪಳಿಯ ಮೊದಲ ಕೊಂಡಿಯೂ ಅವನೇ. ಹಳೆಯ ಅಲ್ಯೂಮಿನಿಯಂ ಅನ್ನು ಕರಗಿಸಿ ಬಳಸಿದರೆ, ಅದಿರಿನಿಂದ ಹೊಸದಾಗಿ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 95ರಷ್ಟು ಉಳಿಯುತ್ತದೆ. ಈ ಒಂದು ಲೆಕ್ಕವೇ ಆ ವೃತ್ತಿಯ ಬೆಲೆಯನ್ನು ಹೇಳುತ್ತದೆ.

ಇನ್ನು ಸರ್ವರನ್ನು ಬಿಚ್ಚುವ ಕ್ರಮವನ್ನು ನೋಡೋಣ. ಮೊದಲು ವಿದ್ಯುತ್ ಸಂಪರ್ಕವನ್ನು ತೆಗೆಯಬೇಕು. ತೆಗೆದೊಡನೆ ಅಪಾಯ ನೀಗಿತೆಂದು ತಿಳಿಯಲಾಗದು. ವಿದ್ಯುತ್ ಪೂರೈಸುವ ಪೆಟ್ಟಿಗೆಯೊಳಗೆ ಕೆಪಾಸಿಟರ್ ಎಂಬ ಸಂಗ್ರಾಹಕಗಳಿವೆ. ತಂತಿಯನ್ನು ಕಿತ್ತ ಮೇಲೂ ಕೆಲಕಾಲ ಅವುಗಳಲ್ಲಿ ನೂರಾರು ವೋಲ್ಟುಗಳ ವಿದ್ಯುತ್ತು ನಿಂತಿರಬಹುದು. ಆದುದರಿಂದ ಬಲ್ಲವರು ಆ ಪೆಟ್ಟಿಗೆಯನ್ನು ಒಡೆಯದೆ, ಇಡಿಯಾಗಿಯೇ ಹೊರತೆಗೆದು ಬೇರೆ ಇಡುತ್ತಾರೆ. ಹೊರಕವಚವು ಉಕ್ಕಿನದು; ತಿರುಪುಮೊಳೆಗಳನ್ನು ಬಿಚ್ಚಿದರೆ ಅದು ಹಲಗೆಗಳಂತೆ ಕಳಚಿಕೊಳ್ಳುತ್ತದೆ. ಒಳಗೆ ಬೀಸಣಿಗೆಗಳ ಸಾಲು. ಅದರಾಚೆ ಶಾಖವನ್ನು ಹೀರಲು ಇಟ್ಟ ತಾಮ್ರ ಅಥವಾ ಅಲ್ಯೂಮಿನಿಯಮ್ಮಿನ ಹಲ್ಲುಹಲ್ಲಾದ ಗಟ್ಟಿಗಳು. ಅವುಗಳ ಅಡಿಯಲ್ಲಿ ಯಂತ್ರದ ಮೆದುಳಾದ ಪ್ರೊಸೆಸರ್, ಪಕ್ಕದಲ್ಲಿ ಸ್ಮೃತಿಯ ಪಟ್ಟಿಗಳು, ಇವೆಲ್ಲವನ್ನೂ ಹೊತ್ತಿರುವ ಹಸಿರು ಬಣ್ಣದ ಮುಖ್ಯ ಫಲಕ. ಈ ಫಲಕದ ಮೇಲೆ ನಾಣ್ಯದ ಆಕಾರದ ಲಿಥಿಯಂ ಕೋಶವೊಂದಿರುತ್ತದೆ. ಅದನ್ನು ಮರೆಯದೆ ಬೇರ್ಪಡಿಸಬೇಕು, ಜಜ್ಜಿದರೆ ಹೊತ್ತಿಕೊಳ್ಳಬಹುದು. ಸಣ್ಣ ಮಕ್ಕಳು ನುಂಗಿದರಂತೂ ಪ್ರಾಣಕ್ಕೇ ಸಂಚಕಾರ.

ದತ್ತಾಂಶವನ್ನು ಕಾಯ್ದಿಡುವ ಹಾರ್ಡ್ ಡಿಸ್ಕಿನ ವಿಚಾರವಾಗಿ ಪ್ರತ್ಯೇಕ ಎಚ್ಚರಿಕೆ ಅಗತ್ಯ. ಅದರೊಳಗಿನ ಹೊಳೆಯುವ ತಟ್ಟೆಗಳ ಮೇಲೆ ಕಾಂತೀಯ ಗುರುತುಗಳ ರೂಪದಲ್ಲಿ ಬರಹವೆಲ್ಲ ಅಡಗಿದೆ. ಗಣಕದಲ್ಲಿ ಒಂದು ಕಡತವನ್ನು ಅಳಿಸಿದೆವೆಂದರೆ ಅದು ನಿಜವಾಗಿಯೂ ಅಳಿದಿತೆಂದು ಅರ್ಥವಲ್ಲ. ಪುಸ್ತಕದ ವಿಷಯಸೂಚಿಯಿಂದ ಪಾಠದ ಹೆಸರನ್ನು ಹೊಡೆದುಹಾಕಿದರೆ ಪಾಠವು ಪುಸ್ತಕದಿಂದ ಮಾಯವಾಗುವುದಿಲ್ಲ. ಹುಡುಕುವವನಿಗೆ ಪುಟ ತಿರುವಿದರೆ ಸಿಕ್ಕೀತು. ಕಡತದ ಸ್ಥಿತಿಯೂ ಹಾಗೆಯೇ. ಒಬ್ಬ ರೈತನ ಜಮೀನಿನ ವಿವರ, ಒಬ್ಬ ವಿಧವೆಯ ಉಳಿತಾಯದ ಲೆಕ್ಕ, ಒಬ್ಬ ರೋಗಿಯ ಚಿಕಿತ್ಸೆಯ ವೃತ್ತಾಂತ ಇವೆಲ್ಲ ಆ ತಟ್ಟೆಗಳಲ್ಲಿ ಉಳಿದಿರಬಹುದು. ಆದಕಾರಣ ಯಂತ್ರವನ್ನು ಮಾರುವ ಮುನ್ನ ತಟ್ಟೆಯ ಮೇಲೆ ಪೂರ್ತಿಯಾಗಿ ಹೊಸ ಬರಹವನ್ನು ತುಂಬಿ ಹಳೆಯದನ್ನು ಮುಚ್ಚಬೇಕು, ಇಲ್ಲವೆ ತಟ್ಟೆಯನ್ನೇ ಪುಡಿಮಾಡಿಸಬೇಕು. ಇದು ಗುಜರಿಯವನ ಹೊಣೆಯಲ್ಲ. ಯಂತ್ರದ ಒಡೆಯನ ಹೊಣೆ.

ಇಷ್ಟೆಲ್ಲ ಶ್ರಮಕ್ಕೆ ಜನರನ್ನು ಸೆಳೆಯುವುದು ಮುಖ್ಯವಾಗಿ ಚಿನ್ನ. ಗಣಕದಲ್ಲಿ ಚಿನ್ನವೇಕೆ? ಅದು ತುಕ್ಕು ಹಿಡಿಯದು; ಕಿಲುಬುಗಟ್ಟದು; ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡುತ್ತದೆ. ಆದುದರಿಂದ ಪ್ರೊಸೆಸರಿನ ಸೂಜಿಗಳಿಗೂ ಸ್ಮೃತಿಪಟ್ಟಿಯ ಅಂಚಿಗೂ ಕೂದಲೆಳೆಗಿಂತ ಎಷ್ಟೋ ತೆಳುವಾದ ಚಿನ್ನದ ಲೇಪವನ್ನು ಕೊಡುತ್ತಾರೆ. ಒಂದು ಯಂತ್ರದಲ್ಲಿ ಅದರ ಮೊತ್ತ ಅತ್ಯಲ್ಪವಾದರೂ ರಾಶಿ ಹಾಕಿದಾಗ ಲೆಕ್ಕ ಬೇರೆಯಾಗುತ್ತದೆ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು. ಅದರ ಕೊನೆಗಾಲದಲ್ಲಿ ಒಂದು ಟನ್ ಅದಿರಿಗೆ ಸಿಗುತ್ತಿದ್ದುದು ಕೆಲವೇ ಗ್ರಾಂ ಚಿನ್ನ. ಉತ್ತಮ ದರ್ಜೆಯ ಗಣಕಫಲಕಗಳ ಒಂದು ಟನ್ನಿನಲ್ಲಿಯಾದರೋ ನೂರು ಗ್ರಾಮಿಗೂ ಮೇಲ್ಪಟ್ಟು ಚಿನ್ನವಿರಬಹುದು. 2021ರಲ್ಲಿ ಟೋಕಿಯೋ ನಗರದಲ್ಲಿ ನಡೆದ ಒಲಿಂಪಿಕ್ ಕ್ರೀಡಾಕೂಟದ ಸುಮಾರು 5000 ಪದಕಗಳಿಗೆ ಬೇಕಾದ ಲೋಹವನ್ನು ಜಪಾನಿನ ಜನರು ಕೊಟ್ಟ ಹಳೆಯ ದೂರವಾಣಿ, ಗಣಕ ಮೊದಲಾದವುಗಳಿಂದಲೇ ತೆಗೆದರು. ಸುಮಾರು 79 ಸಾವಿರ ಟನ್ ಸಾಮಗ್ರಿಯಿಂದ ದೊರೆತ ಚಿನ್ನ 32 ಕಿಲೋಗ್ರಾಂ. ಅಕ್ಕಸಾಲಿಗರ ಅಂಗಡಿಯ ಕಸವನ್ನು ತೊಳೆದು ಹೊನ್ನಿನ ಹುಡಿಯನ್ನು ಆಯುತ್ತಿದ್ದ ಜಲಗಾರರು ನಮ್ಮ ನಾಡಿನಲ್ಲಿದ್ದರು. ಅವರ ವಿದ್ಯೆಯ ದೊಡ್ಡ ರೂಪವೇ ಇದೆನ್ನಬಹುದು.

ಆದರೆ ಜಲಗಾರನಿಗೆ ನೀರು ಸಾಕಾಗಿತ್ತು. ಫಲಕದ ಚಿನ್ನವು ನೀರಿಗೆ ಬಿಡದು; ಅದಕ್ಕೆ ಆಮ್ಲ ಬೇಕು, ಬೆಂಕಿ ಬೇಕು. ಅನರ್ಥದ ಮೂಲ ಇಲ್ಲಿಯೇ ಇದೆ. ತಿರುಪು ಬಿಚ್ಚಿ ಕಬ್ಬಿಣ, ತಾಮ್ರಗಳನ್ನು ಬೇರೆಬೇರೆ ಗುಂಪುಮಾಡುವ ತನಕ ಅದು ಜಾಣ್ಮೆಯ ಕೈಗೆಲಸ. ಆ ಗೆರೆಯನ್ನು ದಾಟಿ, ಹಿತ್ತಿಲಲ್ಲಿ ಪ್ಲಾಸ್ಟಿಕ್ ಹೊದಿಕೆಯ ತಂತಿಗಳನ್ನು ಸುಟ್ಟು ತಾಮ್ರ ತೆಗೆಯಲು ಹೊರಟರೆ ಡಯಾಕ್ಸಿನ್ ಎಂಬ ಘೋರ ವಿಷವು ಹೊಗೆಯಲ್ಲಿ ಬೆರೆಯುತ್ತದೆ. ಫಲಕಗಳನ್ನು ಆಮ್ಲದ ತೊಟ್ಟಿಯಲ್ಲಿ ಅದ್ದಿದರೆ ಏಳುವ ಕೆಂಗಂದು ಹೊಗೆ ಶ್ವಾಸಕೋಶವನ್ನು ಸುಡುತ್ತದೆ. ಹಳೆಯ ಫಲಕಗಳ ಬೆಸುಗೆಯಲ್ಲಿ ಮೂರರಲ್ಲೊಂದು ಪಾಲಿಗೂ ಮಿಗಿಲಾಗಿ ಸೀಸವಿದೆ. ಸೀಸವು ಮಕ್ಕಳ ಬುದ್ಧಿಶಕ್ತಿಯನ್ನು ಕುಗ್ಗಿಸುತ್ತದೆ. ದೊಡ್ಡವರ ದೇಹಕ್ಕಿಂತ ಮಕ್ಕಳ ದೇಹವು ಅದನ್ನು ನಾಲ್ಕೈದು ಪಟ್ಟು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಇಷ್ಟರ ತನಕ ನಿರಪಾಯ ಎನ್ನಬಹುದಾದ ಪ್ರಮಾಣವನ್ನು ವಿಜ್ಞಾನಿಗಳು ಕಂಡಿಲ್ಲ.

ಇದು ಕೇವಲ ಊಹೆಯ ಭಯವಲ್ಲ. ಚೀನಾ ದೇಶದ ಗ್ವಿಯು ಎಂಬ ಊರು ಹಲವು ವರ್ಷಗಳ ಕಾಲ ಪ್ರಪಂಚದ ಹಳೆಯ ಗಣಕಗಳನ್ನು ಮನೆಮನೆಯಲ್ಲಿಯೂ ಬಿಚ್ಚಿ, ಸುಟ್ಟು, ಲೋಹ ತೆಗೆಯುತ್ತಿತ್ತು. ಅಲ್ಲಿ 165 ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗ ಹತ್ತರಲ್ಲಿ ಎಂಟು ಮಕ್ಕಳಲ್ಲಿ ಸೀಸದ ಪ್ರಮಾಣ ಅಂದಿನ ಮಿತಿಯನ್ನು ಮೀರಿತ್ತೆಂದು 2007ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸಿತು. ಆ ಮಕ್ಕಳು ಯಾವ ಗಣಕವನ್ನೂ ಕೊಂಡವರಲ್ಲ, ಮಾರಿದವರಲ್ಲ; ಆ ಊರಿನ ಗಾಳಿಯನ್ನು ಉಸಿರಾಡಿದವರು, ಅಷ್ಟೆ. ನಮ್ಮ ದೇಶದಲ್ಲಿ ದೆಹಲಿಯ ಸೀಲಂಪುರವೂ ಉತ್ತರ ಪ್ರದೇಶದ ಮೊರಾದಾಬಾದೂ ಇದೇ ಕಾರಣಕ್ಕೆ ಕುಖ್ಯಾತಿಯನ್ನು ಪಡೆದಿವೆ.

ನಮ್ಮ ಕರಾವಳಿಗೆ ಈ ಅಪಾಯ ಇನ್ನೂ ಹತ್ತಿರದ್ದು. ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ನೆಲವನ್ನು ಗಮನಿಸಿರಿ. ಕೆಳಗೆ ರಂಧ್ರರಂಧ್ರವಾದ ಮುರಕಲ್ಲು, ಮೇಲೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಮನೆಗೊಂದು ಬಾವಿ. ಹಿತ್ತಿಲಲ್ಲಿ ಚೆಲ್ಲಿದ ಆಮ್ಲವು ಒಂದೇ ಮಳೆಗಾಲದಲ್ಲಿ ಮುರಕಲ್ಲಿನ ಮೂಲಕ ನೆರೆಮನೆಯ ಬಾವಿಗೆ ಇಳಿಯಬಲ್ಲದು. ಕೊಲ್ಲೂರಿನ ಕಡೆಯಿಂದ ಹರಿದುಬರುವ ಸೌಪರ್ಣಿಕೆಯು ವಾರಾಹಿ, ಚಕ್ರಾ ಮೊದಲಾದ ನದಿಗಳನ್ನು ಕೂಡಿ ಪಂಚಗಂಗಾವಳಿಯಾಗಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲನ್ನು ಸೇರುತ್ತದೆ. ಬ್ರಹ್ಮಾವರದ ಬದಿಯಲ್ಲಿ ಸೀತಾ ಮತ್ತು ಸ್ವರ್ಣಾ ನದಿಗಳಿವೆ. ಅಳಿವೆಯ ಕೆಸರಿನಲ್ಲಿ ಬಾಳುವ ಚಿಪ್ಪುಮೀನುಗಳು ನೀರನ್ನು ಸೋಸಿ ಆಹಾರವನ್ನು ಪಡೆಯುವಾಗ ಅದರಲ್ಲಿನ ಭಾರಲೋಹಗಳನ್ನೂ ಮೈಯಲ್ಲಿ ಸಂಗ್ರಹಿಸಿಕೊಳ್ಳುತ್ತವೆ. ನೀರಿಗೆ ಬಿಟ್ಟ ನಂಜು ಹೀಗೆ ಮರಳಿ ನಮ್ಮ ಊಟದ ತಟ್ಟೆಗೇ ಬರುತ್ತದೆ.

ಹಾಗಾದರೆ ಸರಿಯಾದ ದಾರಿ ಯಾವುದು? ಬೆಂಗಳೂರಿನ ಸಮೀಪ ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾದ ‘ಇ-ಪರಿಸರ’ವು ಸರ್ಕಾರದ ಅನುಮತಿ ಪಡೆದು ಈ ಕೆಲಸಕ್ಕೆ ತೊಡಗಿದ ದೇಶದ ಮೊದಲ ಸಂಸ್ಥೆ. ಇಂತಹ ಕಡೆಗಳಲ್ಲಿ ಮೊದಲ ಹಂತದ ಬಿಚ್ಚುವಿಕೆ ಕೈಯಿಂದಲೇ ನಡೆಯುತ್ತದೆ. ಕೈಗವಸು, ಮುಖಗವಸು, ಧೂಳು ಹೀರುವ ಏರ್ಪಾಟು ಇರುತ್ತವೆ. ಫಲಕಗಳನ್ನು ಮುಚ್ಚಿದ ಯಂತ್ರಗಳಲ್ಲಿ ಪುಡಿಮಾಡಿ ಲೋಹವನ್ನು ಬೇರ್ಪಡಿಸುತ್ತಾರೆ. ಬೆಲ್ಜಿಯಂ ದೇಶದ ಆಂಟ್ವರ್ಪ್ ಬಳಿಯ ಹೊಬೊಕನ್ ಎಂಬಲ್ಲಿರುವಂತಹ ದೊಡ್ಡ ಕುಲುಮೆಗಳು ಹೊಗೆಯನ್ನು ಶೋಧಿಸುತ್ತಲೇ ಚಿನ್ನ, ಬೆಳ್ಳಿ, ಪಲ್ಲಾಡಿಯಂ ಮೊದಲಾದ ಹಲವು ಲೋಹಗಳನ್ನು ಹೊರತೆಗೆಯುತ್ತವೆ. ಹಿತ್ತಿಲಿನ ತೊಟ್ಟಿಯಲ್ಲಿ ಚಿನ್ನದ ಒಂದು ಪಾಲು ಮಾತ್ರ ಕೈಗೆ ಹತ್ತಿ, ಉಳಿದ ಬೆಲೆಬಾಳುವ ಲೋಹಗಳು ಚರಂಡಿಯನ್ನು ಸೇರುತ್ತವೆ. ಆದುದರಿಂದ ತಪ್ಪು ದಾರಿಯು ಆರೋಗ್ಯಕ್ಕಷ್ಟೇ ಅಲ್ಲ, ಲಾಭಕ್ಕೂ ಹಾನಿಯೇ.

ಕಾನೂನು ಕೂಡ ಹಂತಹಂತವಾಗಿ ರೂಪುಗೊಂಡಿದೆ. ಶ್ರೀಮಂತ ದೇಶಗಳ ಅಪಾಯಕಾರಿ ತ್ಯಾಜ್ಯವು ಬಡದೇಶಗಳಿಗೆ ಹರಿಯುವುದನ್ನು ತಡೆಯಲು 1989ರಲ್ಲಿ ಬಾಸೆಲ್ ಒಪ್ಪಂದವಾಯಿತು. ಭಾರತದಲ್ಲಿ ವಿದ್ಯುನ್ಮಾನ ತ್ಯಾಜ್ಯಕ್ಕೆ ಸಂಬಂಧಿಸಿದ ನಿಯಮಗಳು 2011ರಲ್ಲಿ ರಚಿತವಾಗಿ 2012ರಲ್ಲಿ ಜಾರಿಗೆ ಬಂದವು. 2022ರ ಹೊಸ ನಿಯಮಗಳು 2023ರ ಏಪ್ರಿಲಿನಿಂದ ನಡೆಯುತ್ತಿವೆ. ಅವುಗಳಂತೆ ಯಂತ್ರವನ್ನು ತಯಾರಿಸಿದವರೇ ಅದರ ಅಂತ್ಯಸಂಸ್ಕಾರದ ವೆಚ್ಚಕ್ಕೂ ಹೊಣೆ. ಸಂಸ್ಕರಿಸುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಆದರೂ ಕೆಲಸ ಬೆಟ್ಟದಷ್ಟಿದೆ. 2022ರಲ್ಲಿ ಪ್ರಪಂಚದಲ್ಲಿ ಉಂಟಾದ ಇಂತಹ ತ್ಯಾಜ್ಯ 6 ಕೋಟಿ 20 ಲಕ್ಷ ಟನ್. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದುದಕ್ಕೆ ದಾಖಲೆಯಿರುವುದು ನಾಲ್ಕರಲ್ಲೊಂದು ಪಾಲಿಗೂ ಕಡಿಮೆ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಕಾನೂನಿನ ಹೆಸರಿನಲ್ಲಿ ಗುಜರಿಯವನನ್ನು ದೂರ ತಳ್ಳಿದರೆ ಸಮಸ್ಯೆ ತೀರದು. ಹಳ್ಳಿಹಳ್ಳಿಯ ಮನೆಬಾಗಿಲಿಗೆ ಹೋಗಿ ಹಳೆಯ ಸಾಮಾನನ್ನು ತರುವವನು ಅವನೇ. ಅವನಿಂದ ಇಡಿಯ ಫಲಕಗಳನ್ನು ನ್ಯಾಯವಾದ ಬೆಲೆಗೆ ಕೊಳ್ಳುವವರು ಸಿಕ್ಕಿದರೆ ಅವನು ಬೆಂಕಿಯನ್ನಾಗಲಿ ಆಮ್ಲವನ್ನಾಗಲಿ ಏಕೆ ಮುಟ್ಟುತ್ತಾನೆ? ಹಸಿವು ಅವನನ್ನು ಗೆರೆ ದಾಟಿಸುತ್ತದೆಯೇ ಹೊರತು ದುಷ್ಟಬುದ್ಧಿಯಲ್ಲ. ಬಿಚ್ಚುವ ಕುಶಲತೆ ಅವನಲ್ಲಿರಲಿ, ಕರಗಿಸುವ ಕೆಲಸ ಸಜ್ಜಾದ ಕಾರ್ಖಾನೆಗೆ ಸೇರಲಿ ಎಂಬ ವಿಭಾಗವೇ ಇಬ್ಬರಿಗೂ ಹಿತ.

ವಿದ್ಯಾರ್ಥಿಗಳಿಗೂ ಇದರಲ್ಲಿ ಪಾಲುಂಟು. ಕೆಟ್ಟ ಯಂತ್ರವನ್ನು ಮೊದಲು ದುರಸ್ತಿಗೆ ಒಯ್ಯಬೇಕು. ಬದುಕಿಸಲು ಸಾಧ್ಯವಾದುದನ್ನು ಬಿಚ್ಚುವುದು ಜಾಣತನವಲ್ಲ. ದುರಸ್ತಿಯಾಗದಿದ್ದರೆ ಒಣಕಸ, ಹಸಿಕಸಗಳ ಜೊತೆಗೆ ಬೆರೆಸದೆ ಬೇರೆಯಾಗಿ ಇರಿಸಿ, ಅಧಿಕೃತವಾಗಿ ಸಂಗ್ರಹಿಸುವವರಿಗೆ ಒಪ್ಪಿಸಬೇಕು. ಯಾರಾದರೂ ತಂತಿಯನ್ನು ಸುಡುತ್ತಿರುವುದು ಕಂಡರೆ ಹೊಗೆಯಿಂದ ದೂರ ಸರಿದು ಹಿರಿಯರಿಗೆ ತಿಳಿಸಬೇಕು. ಹಿಂದಿನವರು ಗದ್ದೆಯ ಕಸವನ್ನು ಗೊಬ್ಬರವಾಗಿಸಿ ಮಣ್ಣಿಗೆ ಹಿಂತಿರುಗಿಸಿದರು. ಆ ಕಸವನ್ನು ಮಣ್ಣು ಜೀರ್ಣಿಸಿಕೊಂಡಿತು. ನಮ್ಮ ಕಾಲದ ಕಸದಲ್ಲಿ ಮಣ್ಣಿಗೆ ಜೀರ್ಣವಾಗದ ಸೀಸವಿದೆ, ಕ್ಯಾಡ್ಮಿಯಮ್ ಇದೆ. ಅದನ್ನು ಮಣ್ಣಿಗೆ ಬೀಳಗೊಡದೆ ಕಾರ್ಖಾನೆಗೆ ಹಿಂತಿರುಗಿಸುವುದೇ ಈ ಕಾಲದ ಕೃಷಿಧರ್ಮ. ಬಾವಿಯ ನೀರನ್ನು ನೆರೆಯವನೂ ಕುಡಿಯುತ್ತಾನೆಂಬ ಎಚ್ಚರವಿದ್ದವನಿಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.